ಕುಂಬಳಕ್ಕ ಏಕಾದಶಿಯ ಮರುದಿನ ಹಾರುವುದಿಲ್ಲ

ಶೇಂಗಾ ಹುರಿಯುತ್ತಿದ್ದೆ. ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಬೇಕೆಂದು ಖಾರಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಲ್ಲ ತಾಟಿನಲ್ಲಿ ತೆಗೆದಿಟ್ಟಿದ್ದೆ. ಶೇಂಗಾ ಹುರಿಯುವಾಗ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ತಳದವು ಕರಕಲಾಗುತ್ತವೆ. ಬೆಳಗಿನ ಹನ್ನೊಂದು ಗಂಟೆ. ಬಾಗಿಲ ಸಪ್ಪಳವಾಗಿ ತಿರುಗಿ ನೋಡಿದರೆ ನಮ್ಮ ಮನೆಯವರು. ನಾವಿದ್ದ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅವರು ಆ ಹೊತ್ತಿಗೆ ಎಂದೂ ಮನೆಗೆ ಬಂದವರಲ್ಲ. ಚಪ್ಪಲಿ ಬಿಡದೆ ಒಳಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. ಕೈಯಲ್ಲಿ ಲ್ಯಾಬಿನ ಲಕೋಟೆ ಇತ್ತು.

ಚಪ್ಪಲಿ ತರಬಾರದು, ಹೊಸ್ತಿಲ ಮೇಲೆ ಕೂಡಬಾರದು. ಎರಡನ್ನೂ ಹೇಳಲು ಬಾಯಿ ತೆರೆದಿದ್ದೆ.

"ಕಿಡ್ನಿ ಅಂತ," ಅಂದರು.

"ಯಾರ್ದು?" ಅಂದೆ.

ಎಂಥ ಪ್ರಶ್ನೆ! ಪರೀಕ್ಷೆಗೆ ಕೊಟ್ಟದ್ದು ನಮ್ಮ ರಂಜುವಿನ ಮೂತ್ರ. ಎಂಟು ವರ್ಷದ ಒಬ್ಬಳೇ ಮಗಳು, ಶಾಲೆಯಲ್ಲಿ ಮೂರನೇ ಇಯತ್ತೆ. ನಾಲ್ಕು ದಿನದಿಂದ ಏಳುವಾಗ ಕಣ್ಣು ಊದಿಕೊಂಡಿರುತ್ತಿದ್ದವು. ಸೊಳ್ಳೆ ಕಚ್ಚಿರಬೇಕೆಂದು ನಾನು ಗಂಧ ತೇಯ್ದು ಹಚ್ಚಿದ್ದೆ. ಅವರು ನನ್ನ ಹಿಂದೆ ಬೊಟ್ಟು ಮಾಡಿದರು. ಬಾಣಲೆಯಿಂದ ಹೊಗೆ ಏಳುತ್ತಿತ್ತು. ಆವತ್ತಿನ ಹಿಂಡಿ ಆಗಲೇ ಇಲ್ಲ.

ಇದೆಲ್ಲ ತೊಂಬತ್ತರ ದಶಕದ ಕೊನೆಯ ಮಾತು. ರೋಗದ ಉದ್ದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ನಿಮ್ಮ ಡಾಕ್ಟರು ಬರೆದುಕೊಡುತ್ತಾರೆ. ಊದಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಈ ಹೊತ್ತು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವ ತಾಯಿಗೆ, ಆ ಬೆಂಚಿನ ಮೇಲೆ ನಾನೂ ಕೂತಿದ್ದೆ ಎಂದು ಹೇಳಬೇಕಾಗಿದೆ. ಅಷ್ಟಕ್ಕೇ ಬರೆಯುತ್ತಿದ್ದೇನೆ.

ಹನ್ನೆರಡು ದಿನ ವಾರ್ಡಿನಲ್ಲಿದ್ದು ಮನೆಗೆ ಬಂದೆವು. ಬರುವಾಗ ಡಾಕ್ಟರು ನಾಲ್ಕು ಮಾತು ಹೇಳಿದ್ದರು. ಗುಳಿಗೆ ಒಂದು ದಿನವೂ ತಪ್ಪಬಾರದು. ನೀರು ಇಳಿಸುವ ಇನ್ನೊಂದು ಗುಳಿಗೆ ಹೇಳಿದಾಗಷ್ಟೇ. ಉಪ್ಪು ಪೂರ್ತಿ ಬಂದ್, "ಮೀಠ ಬಂದ್ ಮ್ಹಣಜೆ ಬಂದ್." ಮತ್ತು ದಿನಾ ಮುಂಜಾನೆ ಮನೆಯಲ್ಲೇ ಪರೀಕ್ಷೆ: ಗಾಜಿನ ನಳಿಗೆಯಲ್ಲಿ ಮಗುವಿನ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ತಿಳಿಯಾಗಿ ಉಳಿದರೆ ಒಳ್ಳೆಯದು, ಒಡೆದ ಹಾಲಿನಂತೆ ಬೆಳ್ಳಗಾದರೆ ರೋಗ ಮರಳಿತೆಂದು ಅರ್ಥ.

ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಆಮೇಲೆ ಗ್ಯಾಲರಿಗೆ ಹೋಗಿ ಆ ಇನ್ನೊಂದು ದೀಪ ಹಚ್ಚುತ್ತಿದ್ದೆ. ಮೊದಲ ವಾರ ಮೈಲಿಗೆ ಎಂದು ಮತ್ತೆ ಸ್ನಾನ ಮಾಡುತ್ತಿದ್ದೆ. ಎರಡನೇ ವಾರ ಕೈಕಾಲು ತೊಳೆದೆ. ಮೂರನೇ ವಾರದಿಂದ ಅದೂ ಪೂಜೆಯೊಳಗೇ ಸೇರಿತು. ನಳಿಗೆ ತಿಳಿಯಾಗಿದ್ದರೆ ವಿಠ್ಠಲನಿಗೆ ಒಂದು ತುಳಸಿ ಹೆಚ್ಚು ಏರಿಸುತ್ತಿದ್ದೆ. ಅಡುಗೆಗೆ ಕೂತರೆ ನಳಿಗೆ ಸರಿಯಾಗಿ ನೋಡಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೆ ಗ್ಯಾಲರಿಗೆ ಎದ್ದು ಹೋಗುತ್ತಿದ್ದೆ. ಚೆಲ್ಲಿದ ನಳಿಗೆಯಲ್ಲಿ ನೋಡುವುದೇನಿದೆ? ಆದರೂ ಹೋಗುತ್ತಿದ್ದೆ.

ಗುಳಿಗೆಯಿಂದ ರಂಜುವಿನ ಮುಖ ಗುಂಡಗಾಯಿತು. ಗಲ್ಲ ಇಳಿಬಿದ್ದು ಕಣ್ಣು ಸಣ್ಣವಾದವು. ಶಾಲೆಯಲ್ಲಿ ಹುಡುಗಿಯರು ಅವಳಿಗೆ "ಭೋಪಳಾ" ಎಂದು ಹೆಸರಿಟ್ಟರು. ಮರಾಠಿಯ ಭೋಪಳಾ ಅಂದರೆ ನಮ್ಮ ಕುಂಬಳಕಾಯಿ. ಮನೆಗೆ ಬಂದು ಅವಳು ಅಳಲಿಲ್ಲ. ಕನ್ನಡಿಯ ಮೇಲೆ ನನ್ನ ಹಳೆಯ ಸೀರೆಯ ತುಂಡು ಹೊದಿಸಿದಳು.

ಗುರುವಾರಕ್ಕೊಮ್ಮೆ ತಪಾಸಣೆ. ಎಂಟು ಗಂಟೆಗೆ ಹೋಗಿ ಚೀಟಿ ತೆಗೆದರೆ ನಮ್ಮ ಪಾಳಿ ಬರುವುದು ಹನ್ನೆರಡಕ್ಕೆ, ಒಮ್ಮೊಮ್ಮೆ ಎರಡಕ್ಕೆ. ಉದ್ದ ಪಡಸಾಲೆ, ಎರಡು ಸಾಲು ಬೆಂಚು, ತಿರುಗದ ಫ್ಯಾನು. ಮಕ್ಕಳೆಲ್ಲ ಒಂದೇ ತಾಯಿಗೆ ಹುಟ್ಟಿದವರಂತೆ ಗುಂಡುಮುಖದವರು. ನನಗೆ ಕೂಡಲಾಗುತ್ತಿರಲಿಲ್ಲ. ಕಂಪೌಂಡರನ ಬಳಿಗೆ ಹೋಗಿ ನಂಬರು ಕೇಳುವುದು, ಬರುವುದು, ಮತ್ತೆ ಹೋಗುವುದು.

"ಬಾಯಿ, ನೀವು ಎಷ್ಟ ಸಲ ಕೇಳಿದ್ರೂ ಹದಿನೇಳರ ಹಿಂದ ಹದಿನೆಂಟ ಬರೋದು," ಅಂದ ಅವನು ಒಂದು ದಿನ. ಅವನೂ ಸೊಲ್ಲಾಪುರದ ಕಡೆಯ ಕನ್ನಡದವನೆಂದು ಆಗ ತಿಳಿಯಿತು. ಪರವೂರಿನಲ್ಲಿ ಬೈಸಿಕೊಳ್ಳುವುದೂ ನಮ್ಮ ಭಾಷೆಯಲ್ಲಾದರೆ ಒಂದು ಸಮಾಧಾನ. ಅದನ್ನೂ ದೇವರ ಲೆಕ್ಕಕ್ಕೇ ಹಾಕಿದೆ.

ಆ ಪಡಸಾಲೆಗೆ ನಂದಾ ಎಂಬ ಕಾಲೇಜು ಹುಡುಗಿ ಬರುತ್ತಿದ್ದಳು. ಜೋಳಿಗೆಯ ತುಂಬ ಹಳೆಯ ಕ್ಯಾಲೆಂಡರಿನ ಹಾಳೆಗಳು, ಬಣ್ಣದ ಖಡುವಿನ, ಅಂದರೆ ಬಳಪದ ತುಂಡುಗಳು. ಕಾದು ಕೂತ ಮಕ್ಕಳಿಂದ ಚಿತ್ರ ಬರೆಸುವುದು ಅವಳ ಕೆಲಸ. ಹೂವು, ಮನೆ, ಗುಡ್ಡದ ಹಿಂದಿನ ಸೂರ್ಯ, ಇವು ಅವಳಿಗೆ ಬೇಡ. ಪ್ರತಿ ಮಗುವೂ ತನ್ನದೇ ಒಬ್ಬ ಶಕ್ತಿವಂತನನ್ನು ಹುಟ್ಟಿಸಬೇಕು. ಟೀವಿಯಲ್ಲಿ ಬರುವವರು ನಡೆಯುವುದಿಲ್ಲ, ಪುಸ್ತಕದವರೂ ಇಲ್ಲ. ಈವರೆಗೆ ಜಗತ್ತಿನಲ್ಲಿ ಇಲ್ಲದವರು ಬೇಕು.

ಅವಳದೊಂದು ಪದ್ಧತಿ ಇತ್ತು. ಖಡು ಕೊಡುವ ಮೊದಲು ಮೂರು ಪ್ರಶ್ನೆ. ನಿನಗೆ ಏನು ಬೇಡವಾಗಿದೆ? ನಿನ್ನವರು ಬಂದು ಅದನ್ನು ಹೇಗೆ ಓಡಿಸುತ್ತಾರೆ? ಮತ್ತೆ, ಅವರು ಎಲ್ಲಿ ಸೋಲುತ್ತಾರೆ? ಮೂರಕ್ಕೂ ಉತ್ತರ ಬಂದ ಮೇಲೆ ಹಾಳೆ. ದೊಡ್ಡವರು ಕೇಳಬಹುದು, ಮಗುವಿನ ಹಾಳೆಯ ಮೇಲೆ ಒಂದು ಗೆರೆಯನ್ನೂ ಎಳೆಯುವಂತಿಲ್ಲ.

ನೋವು ಕಂಡ ಮಕ್ಕಳಿಗೆ ಮೊದಲ ಪ್ರಶ್ನೆಗೆ ಯೋಚನೆಯೇ ಬೇಕಾಗುತ್ತಿರಲಿಲ್ಲ. ದೌಂಡದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ ಶಬಾನಾ ಎಂಬ ಪುಟ್ಟಿಯ ಶಕ್ತಿವಂತೆ, ನೀರು ಇಳಿಸುವ ಗುಳಿಗೆ ನುಂಗಿದ ಮಕ್ಕಳಿಗೆ ಮೂತ್ರದ ಅವಸರವಾದಾಗ ಕೈ ಎತ್ತಿದರೆ ಸಾಕು, ಎಂಥ ಗಾಡಿಯೂ ನಿಲ್ಲುತ್ತಿತ್ತು. ಸಿಗ್ನಲ್ಲು ಬೇಡ, ಸ್ಟೇಷನ್ನು ಬೇಡ, ಕಬ್ಬಿನ ಗದ್ದೆಯ ನಡುವೆಯೂ ನಿಲ್ಲುತ್ತಿತ್ತು. "ಎಲ್ಲಿ ಸೋಲ್ತಾಳ?" ಎಂದರೆ, "ಗಾಡಿಯ ಡಬ್ಬಿ ತುಂಬ ಗಂಡಸರೇ ಇದ್ದರೆ ನಾಚಿ ಕೈ ಎತ್ತಂಗಿಲ್ಲ," ಅಂದಳು. ನಾವು ತಾಯಂದಿರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕೆವು. ಆ ಪಡಸಾಲೆಯಲ್ಲಿ ನಾನು ನಕ್ಕಿದ್ದು ಅದೇ ಮೊದಲು.

ರಂಜು ಮೂರು ವಾರ ಹಾಳೆ ಮುಟ್ಟಲಿಲ್ಲ. ನಾಲ್ಕನೇ ಗುರುವಾರ ಪೆನ್ಸಿಲಿನಿಂದ ಒಂದು ದೊಡ್ಡ ದುಂಡನ್ನು ಬರೆದಳು, ಅದಕ್ಕೆ ಎರಡು ಸಣ್ಣ ಕಣ್ಣು, ಎರಡು ಜಡೆ. ಕೆಳಗೆ ಫ್ರಾಕು. ಅವಳದೇ ಊದಿದ ಮುಖ. ನಂದಾ ಅತ್ತ ತಿರುಗಿದಾಗ ಅವಳ ಜೋಳಿಗೆಯಿಂದ ರಬ್ಬರು ತೆಗೆದುಕೊಂಡು ಆ ಗಲ್ಲದ ಗೆರೆ ಒರೆಸಿ, ತುಸು ಒಳಗೆ ತಂದು ಕೋಲುಮುಖ ಮಾಡಿದೆ. ಕೈ ನಿಲ್ಲಲಿಲ್ಲ. ತಲೆಗೊಂದು ಕಿರೀಟ, ನಾಲ್ಕು ಕೈ, ಕೈಗೊಂದು ಶಂಖ. ದೇವರಿಗಿಂತ ಶಕ್ತಿವಂತರು ಯಾರಿದ್ದಾರೆ ಎಂದು ನನ್ನ ಎಣಿಕೆ.

ರಂಜು ಹಾಳೆ ನೋಡಿ, ನನ್ನನ್ನು ನೋಡಿದಳು.

"ಇದು ನಿನ್ನ ದೇವ್ರು. ನನ್ನಾಕಿ ಎಲ್ಲಿ ಹೋದ್ಲು?"

"ಚಂದ ಮಾಡೀನಲ್ಲ ಪುಟ್ಟಾ."

"ನಾ ಚಂದ ಬೇಡಿಲ್ಲ!" ಎಂದು ಹಾಳೆ ಹರಿದಳು. ಇಡೀ ಬೆಂಚು ನಮ್ಮ ಕಡೆ ತಿರುಗಿತು. ನಂದಾ ಬಂದು, ನನ್ನ ಮಗಳ ವಯಸ್ಸಿಗಿಂತ ಹತ್ತೋ ಹನ್ನೆರಡೋ ವರ್ಷ ದೊಡ್ಡವಳಿದ್ದ ಹುಡುಗಿ, ನನ್ನ ಕೈಯಿಂದ ರಬ್ಬರು ಇಸಿದುಕೊಂಡು ಜೋಳಿಗೆಗೆ ಹಾಕಿಕೊಂಡಳು. "ಕಾಕೂ, ಇದು ನಿಮ್ಮ ಕಡೆ ಇರೋದು ಬ್ಯಾಡ," ಎಂಬರ್ಥದ ಮಾತನ್ನು ಮರಾಠಿಯಲ್ಲಿ ನಗುತ್ತಲೇ ಹೇಳಿದಳು. ನಾಚಿಕೆಯಾಯಿತು. ಹೋಗಿ ಕಂಪೌಂಡರನಿಗೆ ನಂಬರು ಕೇಳಿದೆ.

ಮುಂದಿನ ವಾರ ಅದೇ ದುಂಡುಮುಖ ಮತ್ತೆ ಹಾಳೆಯ ಮೇಲೆ ಬಂತು, ಈ ಸಲ ಇನ್ನೂ ದೊಡ್ಡದು. ಹೆಸರು ಕುಂಬಳಕ್ಕ. ಅವಳಿಗೆ ಬೇಡವಾದದ್ದು, ಚುಚ್ಚಿ ಮಾತಾಡುವ ಬಾಯಿಗಳು. ಯಾರಾದರೂ ಒಂದು ಮಗುವಿಗೆ ಹೆಸರಿಟ್ಟು ಕಾಡಿದರೆ ಕುಂಬಳಕ್ಕನ ತಲೆ ಗಾಳಿ ತುಂಬಿ ಊದುತ್ತದೆ. ಊದಿ ಊದಿ ಮೇಲೆ ಹಾರುತ್ತಾಳೆ. ಮೇಲಿನಿಂದ, ಆ ಹೆಸರಿಟ್ಟವರು ತಮ್ಮ ಮನೆಯಲ್ಲಿ ಏನಕ್ಕೆ ಅಳುತ್ತಾರೆ ಎಂಬುದು ಅವಳಿಗೆ ಕಾಣಿಸುತ್ತದೆ. ಕೆಳಗಿಳಿದು ಬಂದು ಅವರ ಕಿವಿಯಲ್ಲಿ ಅದನ್ನು ಹೇಳಿದರೆ ಅವರು ಸುಮ್ಮನಾಗುತ್ತಾರೆ.

"ಬಡಿಯಂಗಿಲ್ಲೇನು?" ಎಂದು ಕೇಳಿದೆ. ಕೇಳಬಹುದಲ್ಲ, ಅದಕ್ಕೆ ತಡೆ ಇರಲಿಲ್ಲ.

"ಬಡದ್ರ ತಲಿ ಪಂಚರ್ ಆಗ್ತದವ್ವಾ."

ಎಲ್ಲಿ ಸೋಲುತ್ತಾಳೆ ಎಂಬುದನ್ನು ಮಾತ್ರ ಹೇಳಲಿಲ್ಲ. "ಇನ್ನೂ ಗೊತ್ತಿಲ್ಲ," ಅಂದಳು. ಗೊತ್ತಾಗದಿದ್ದರೆ ಕಥೆ ಮುಗಿಯುವುದಿಲ್ಲ ಎಂದು ನಂದಾ ಹಾಳೆಯನ್ನು ಮಡಿಚಿ ರಂಜುವಿನ ಆಸ್ಪತ್ರೆಯ ಫೈಲಿನಲ್ಲೇ ಇಟ್ಟಳು.

ಅಷ್ಟರಲ್ಲಿ ಶ್ರಾವಣ ಬಂತು. ಇಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ.

ನಮ್ಮ ಅತ್ತೆಯವರ ಕಾಲದಿಂದ ಮನೆಯಲ್ಲಿ ಏಕಾದಶಿ ನಡೆದು ಬಂದಿದೆ. ಉಪ್ಪು ಬಾಯಿಗೆ ಬಿದ್ದರೆ ಉಪವಾಸ ಮುರಿಯಿತು. ಸಾಬೂದಾಣಿ ಖಿಚಡಿ, ಬಟಾಟೆ, ಶೇಂಗಾ ನಡೆಯುತ್ತವೆ, ಅದಕ್ಕೆ ಸೈಂಧವ ಹಾಕುತ್ತೇವೆ. ಅತ್ತೆಯವರು ಹೇಳಿದ್ದು ಅದನ್ನೇ: "ಉಪ್ಪು ನಡಿಯಂಗಿಲ್ಲ, ಸೈಂಧವ ನಡೀತದ." ಸೈಂಧವದ ಡಬ್ಬಿ ಇರುತ್ತಿದ್ದುದೂ ದೇವರ ಕಪಾಟಿನ ಕೆಳಗೆ, ಉಪ್ಪಿನ ಜೊತೆಗಲ್ಲ. ಡಾಕ್ಟರು ಉಪ್ಪು ಬಂದ್ ಮಾಡು ಅಂದಾಗ ನಾನು ಉಪ್ಪು ಬಂದ್ ಮಾಡಿದೆ. ಚಪ್ಪೆ ಭಕ್ಕರಿ, ಚಪ್ಪೆ ಪಲ್ಯ, ಚಪ್ಪೆ ಸಾರು. ಸೈಂಧವ ನನ್ನ ಮನಸ್ಸಿಗೆ ಬರಲೇ ಇಲ್ಲ. ಉಪವಾಸ ಮುರಿಯದ ವಸ್ತು ಉಪ್ಪು ಹೇಗಾದೀತು?

ತಿಂಗಳುಗಟ್ಟಲೆ ಚಪ್ಪೆ ತಿಂದ ಮಗು ಒಂದು ಏಕಾದಶಿ ನನ್ನ ತಾಟಿನ ಖಿಚಡಿ ಬಾಯಿಗೆ ಹಾಕಿಕೊಂಡಿತು.

"ಅವ್ವಾ, ನಾನೂ ಉಪವಾಸ ಮಾಡ್ಲಿ?"

ನನಗಾದ ಹಿಗ್ಗು ಏನು ಹೇಳಲಿ! ಏಕಾದಶಿ ಮಾಡಿದಳು. ಆಮೇಲೆ ಶ್ರಾವಣ ಸೋಮವಾರ ಕೇಳಿದಳು. ಆಮೇಲೆ ಶನಿವಾರ. ಕೆಳಗಿನ ಮನೆಯ ಮಾಲನ್‌ತಾಯಿಗೆ ನಾನೇ ಹೋಗಿ ಹೇಳಿಕೊಂಡೆ, ಜಡ್ಡು ಬಂದ ಮೇಲೆ ಹುಡುಗಿಗೆ ಎಂಥ ಭಕ್ತಿ ಬಂದಿದೆ ನೋಡಿರಿ ಎಂದು. "ಎಂಟ ವರ್ಷಕ್ಕ ವಾರದಾಗ ಎರಡ ಉಪವಾಸಾ? ನಮ್ಮ ಮನ್ಯಾಗ ಅರವತ್ತಾದವರೂ ಮಾಡಂಗಿಲ್ಲ," ಅಂದರು ಅವರು ತಮ್ಮ ಮುರುಕು ಕನ್ನಡದಲ್ಲಿ. ನನಗೆ ಅದೂ ಹೊಗಳಿಕೆಯೇ ಅನಿಸಿತು.

ಮತ್ತೆ ಊತ ಬಂತು. ಕಾಲು ಒತ್ತಿದರೆ ಬೆರಳಿನ ಕುಳಿ ಹಾಗೇ ಉಳಿಯುತ್ತಿತ್ತು. ರಕ್ತದ ಒತ್ತಡ ಏರಿತು. ಆದರೆ ನಳಿಗೆ ತಿಳಿಯಾಗಿತ್ತು! ಡಾಕ್ಟರಿಗೂ ಗೊಂದಲ. ಗುಳಿಗೆ ಹೆಚ್ಚಿಸಿದರು, ಬದಲಿಸಿದರು.

"ಉಪ್ಪು ಕೊಡ್ತೀರೇನು?"

"ವಿಠ್ಠಲನ ಆಣಿ, ಒಂದ ಹರಳ ಕೊಟ್ಟಿಲ್ರಿ."

ಸುಳ್ಳಾಡಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕುಟುಕುತ್ತದೆ, ದೇವರ ಆಣೆ ಇಟ್ಟು ನಾನು ಖರೆ ಹೇಳಿದ್ದೆ.

ಹೀಗೇ ನಡೆದರೆ ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಒಂದು ಚೂರು ತೆಗೆದು ನೋಡಬೇಕಾಗುತ್ತದೆ, ಮುಂದಿನ ಗುರುವಾರ ಆಸ್ಪತ್ರೆಗೆ ಭರತಿ ಮಾಡಲು ತಯಾರಾಗಿ ಬನ್ನಿ ಎಂದರು. ಕಿಡ್ನಿಯೇ ಕೆಡುತ್ತಿದ್ದರೆ? ಆ ಮಾತನ್ನು ಡಾಕ್ಟರು ಆಡಲಿಲ್ಲ, ಮನೆಯವರು ದಾರಿಯಲ್ಲಿ ಆಡಿದರು.

ಆ ವಾರ ನಾನು ಕೂತ ನೆನಪಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆದೆ. ಜೋಳ ಹಸನು ಮಾಡಿ, ಅದನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಕಲ್ಲು ಹುಡುಕಿದೆ. ಜಪಕ್ಕೆ ಕೂತರೆ ಮಣಿ ಬೆರಳಿಗಿಂತ ಮುಂದೆ ಓಡುತ್ತಿತ್ತು. ದಿನಕ್ಕೆ ಹತ್ತು ಸಲ ರಂಜುವಿನ ಕಾಲು ಒತ್ತಿ ನೋಡುತ್ತಿದ್ದೆ. "ಬಿಡವ್ವಾ, ನಾ ಏನ್ ಹಿಟ್ಟೇನು?" ಎಂದು ಕಾಲೆಳೆದುಕೊಂಡಳು. ಆ ನಡುವೆ ಒಂದು ಏಕಾದಶಿಯೂ ಬಂತು. ಸೂಜಿ ತಪ್ಪಲಿ ಎಂದು ಹರಕೆ ಹೊತ್ತು ಇಬ್ಬರೂ ಮಾಡಿದೆವು. ಆವತ್ತು ಖಿಚಡಿಯನ್ನು ನಾನೇ ಎರಡನೇ ಸಲ ಬಡಿಸಿದೆ. ಮರುದಿನ ಅವಳ ಚಪ್ಪಲಿ ಕಾಲಿಗೆ ಏರಲಿಲ್ಲ.

ಗುರುವಾರ ಬಟ್ಟೆಯ ಚೀಲ, ತಂಬಿಗೆ, ದೇವರ ಅಂಗಾರದ ಬೂದಿ ಎಲ್ಲ ಹಿಡಿದುಕೊಂಡು ಹೋದೆವು. ರಂಜುವಿನ ಕಾಲಿಗೆ ಅಪ್ಪನ ಚಪ್ಪಲಿ. ನಂದಾ ಬಂದು ಅವಳ ಪಕ್ಕ ನೆಲದ ಮೇಲೆ ಕೂತು, ಫೈಲಿನಿಂದ ಕುಂಬಳಕ್ಕನನ್ನು ತೆಗೆದು ತೊಡೆಯ ಮೇಲೆ ಹರಡಿದಳು.

"ಎಲ್ಲಿ ಸೋಲ್ತಾಳ, ಗೊತ್ತಾತೇನು?"

ರಂಜು ಹಸಿರು ಖಡುವನ್ನು ಉರುಳಿಸಿದಳು. ಅವರಿಬ್ಬರ ಮಾತು ಮರಾಠಿ, ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ.

"ಏಕಾದಶಿ ಮರುದಿನ ಆಕಿಗೆ ಹಾರಲಿಕ್ಕೆ ಆಗಂಗಿಲ್ಲ."

"ಯಾಕ?"

"ಕಾಲ ಭಾರ ಆಗ್ತಾವ. ಚಪ್ಪಲ್ ಹಿಡಸಂಗಿಲ್ಲ. ಸೋಮವಾರದ ಮರುದಿನಾನೂ ಹಂಗ, ಶನಿವಾರದ್ದೂ ಹಂಗ."

"ಏಕಾದಶಿಗೆ ಏನ್ ಮಾಡ್ತಾಳ ಆಕಿ?"

"ಖಿಚಡಿ ತಿಂತಾಳ. ಅದೊಂದಕ್ಕ ರುಚಿ ಇರ್ತದ."

ನಂದಾ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ನಿಂತಿದ್ದೆ, ಎಂದಿನಂತೆ. ಚೀಲ ಕೆಳಗೆ ಬಿತ್ತು. ತಂಬಿಗೆ ಪಡಸಾಲೆಯ ತುದಿಯವರೆಗೂ ಉರುಳಿ ಹೋಯಿತು.

ಪಾಳಿ ಬರುವ ಮೊದಲೇ ನಂದಾ ಆ ಹಾಳೆ ಹಿಡಿದು ನಮ್ಮನ್ನು ಡಾಕ್ಟರ ಕೋಣೆಗೆ ನುಗ್ಗಿಸಿದಳು. ಕಂಪೌಂಡರ ಹದಿನೆಂಟು, ಹತ್ತೊಂಬತ್ತು ಎನ್ನುತ್ತಲೇ ಇದ್ದ. ಡಾಕ್ಟರು ಹಾಳೆ ನೋಡಿ, ನನ್ನನ್ನು ಕೇಳಿದರು, ಖಿಚಡಿಗೆ ಏನು ಹಾಕುತ್ತೀರಿ? ಸೈಂಧವ ಎಂದೆ. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತೇ ಪಣ ಮೀಠಚ, ಬಾಯಿ." ಅದೂ ಉಪ್ಪೇ. ಆಮೇಲೆ ತಗ್ಗಿದ ದನಿಯಲ್ಲಿ, ನಮ್ಮ ತಾಯಿಯೂ ಅದು ಉಪ್ಪಲ್ಲ ಅಂತಲೇ ಅನ್ನುತ್ತಾಳೆ, ಅದನ್ನು ಹೆಸರು ಹಿಡಿದು ನಾನೇ ಕೇಳಬೇಕಿತ್ತು, ಅಂದರು. ಈ ಒಂದು ಮಾತಿಗೆ ನಾನು ಅವರ ಹೆಸರಿನಲ್ಲಿ ವರ್ಷಕ್ಕೊಂದು ದೀಪ ಹಚ್ಚುತ್ತೇನೆ. ಸೂಜಿಯನ್ನು ಎರಡು ವಾರ ಮುಂದೆ ಹಾಕಿದರು.

ದಾರಿಯಲ್ಲಿ ರಿಕ್ಷಾದಲ್ಲಿ ರಂಜುವನ್ನು ಕೇಳಿದೆ. "ನಿನಗ ಗೊತ್ತಿತ್ತೇನು?"

"ಕಾಲ ಭಾರ ಆಗೋದು ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಅದನ್ನೂ ಬಂದ್ ಮಾಡ್ತಿದ್ದಿ." ಹೊರಗೆ ನೋಡುತ್ತಾ ಅಂದಳು. "ನಾ ಹೇಳಿಲ್ಲವ್ವಾ. ಕುಂಬಳಕ್ಕ ಹೇಳಿದ್ಲು."

ಮನೆಗೆ ಬಂದು ಸೈಂಧವದ ಡಬ್ಬಿ ಹಿಡಿದುಕೊಂಡು ನಿಂತೆ. ಎಲ್ಲಿ ಚೆಲ್ಲಲಿ? ದೇವರ ಕಪಾಟಿನ ವಸ್ತು, ಮೋರಿಗೆ ಹಾಕಲು ಮನಸ್ಸು ಬರಲಿಲ್ಲ. ತುಳಸಿಯ ಬುಡಕ್ಕೆ ಹಾಕೋಣವೆಂದು ಗ್ಯಾಲರಿಗೆ ಹೋದವಳು ತಟ್ಟನೆ ಕೈ ಹಿಂದೆಳೆದುಕೊಂಡೆ. ಹಾಕಿದರೆ ತುಳಸಿ ಒಣಗುತ್ತದೆ. ಅದು ಉಪ್ಪೆಂದು ತುಳಸಿಗೆ ಗೊತ್ತೇ ಇತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಬಹಳ ದಿನಗಳ ಮೇಲೆ ಕೂತಿದ್ದೆ.

ವಿಠ್ಠಲನೊಂದಿಗೆ ಜಗಳವಾಡಿದೆನೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಉಪವಾಸ ಇಂದಿಗೂ ಮಾಡುತ್ತೇನೆ, ಹಾಲು ಬಾಳೆಹಣ್ಣಿನ ಮೇಲೆ. ಎಂಟು ವರ್ಷದ ಮಗುವಿನ ಕೈಯಲ್ಲಿ ಹಸಿರು ಖಡು ಕೊಟ್ಟವನು ಯಾರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎರಡು ವಾರದಲ್ಲಿ ಊತ ಇಳಿಯಿತು, ಒತ್ತಡ ಇಳಿಯಿತು. ಸೂಜಿಯ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ. ಜಡ್ಡು ಅಲ್ಲಿಗೇ ಬಿಟ್ಟು ಹೋಯಿತೆಂದಲ್ಲ. ಮುಂದಿನ ವರ್ಷಗಳಲ್ಲಿ ಮೂರು ಸಲ ನಳಿಗೆ ಒಡೆದ ಹಾಲಾಯಿತು, ಮೂರು ಸಲವೂ ಮೊದಲಿನಿಂದ ಗುಳಿಗೆ, ಗುಂಡುಮುಖ, ಚಪ್ಪೆ ಊಟ. ಆದರೆ ಶಾಲೆಯಲ್ಲಿ ಯಾರಾದರೂ "ಭೋಪಳಾ" ಎಂದರೆ ರಂಜು ಗಲ್ಲ ಉಬ್ಬಿಸಿ, ಎರಡು ಕೈ ಅಗಲಿಸಿ, "ಹಾರಲಿಕ್ಕೆ ಹತ್ತೀನಿ, ನಿಮ್ಮ ಮನೀ ಕಾಣಲಿಕ್ಕೆ ಹತ್ತೇದ," ಎನ್ನುತ್ತಿದ್ದಳಂತೆ. ಕನ್ನಡಿಯ ಮೇಲಿನ ಸೀರೆಯ ತುಂಡು ಒಂದು ದಿನ ತಾನಾಗಿ ಒಲೆಯ ಮಸಿಅರಿವೆಯಾಗಿತ್ತು. ಯಾವಾಗ ಎಂದು ನಾನೂ ಕೇಳಲಿಲ್ಲ.

ನಂದಾ ಓದು ಮುಗಿಸಿ ಲಗ್ನವಾಗಿ ಹೋಗುವಾಗ ಜೋಳಿಗೆಯನ್ನು ನನಗೆ ಕೊಟ್ಟಳು. ಒಳಗೆ ಕೈ ಹಾಕಿದರೆ ನನ್ನ ಕೈಯಿಂದ ಇಸಿದುಕೊಂಡ ಅದೇ ರಬ್ಬರು. ಅದನ್ನು ಮನೆಯಲ್ಲಿಟ್ಟು ಗುರುವಾರ ಗುರುವಾರ ಪಡಸಾಲೆಗೆ ಹೋಗತೊಡಗಿದೆ. ಮಗಳ ಪಾಳಿ ಇರಲಿ ಬಿಡಲಿ. ಮೂರು ಪ್ರಶ್ನೆ ಕೇಳುವುದು, ಕೈ ಹಿಂದೆ ಕಟ್ಟಿಕೊಳ್ಳುವುದು. ಸೂಜಿ ಬಂದಾಗ ಗೋಡೆಯ ಬಣ್ಣವಾಗುವವನು, ವಾರ್ಡಿನ ಗಡಿಯಾರ ತಿಂದುಬಿಡುವವಳು, ಎಂಥೆಂಥವರು ಹುಟ್ಟಿದರು ಅಲ್ಲಿ! ನನ್ನ ಚಡಪಡಿಕೆ ಹೋಗಲಿಲ್ಲ, ಆದರೆ ಅದಕ್ಕೆ ಓಡಾಡಲು ಬೆಂಚಿನಿಂದ ಬೆಂಚಿಗೆ ಒಂದು ಕೆಲಸ ಸಿಕ್ಕಿತು. ಮೂರನೇ ಪ್ರಶ್ನೆ ಕೇಳುವಾಗ ಮಾತ್ರ ಕೂತು ಕೇಳುತ್ತೇನೆ.

ನಮ್ಮ ಊರಂಚಿನ ಮಗರಪಟ್ಟಾದ ಕಬ್ಬಿನ ಹೊಲಗಳಲ್ಲಿ ಗಾಜಿನ ಕಟ್ಟಡಗಳು ಎದ್ದು ನಿಂತ ಹೊತ್ತಿಗೆ ರಂಜು ಕಾಲೇಜಿಗೆ ಹೋಗುತ್ತಿದ್ದಳು. ಗುಳಿಗೆ ನಿಂತು ಮೂರು ವರ್ಷ ತುಂಬಿದ ಗುರುವಾರ ಡಾಕ್ಟರು, ಈಗ ತಲೆ ಪೂರ್ತಿ ನರೆತವರು, ಫೈಲು ಮುಚ್ಚಿ ಹೇಳಿದರು: "ಇನ್ನು ಮನೆಯವರೆಲ್ಲ ತಿನ್ನೋ ಊಟ ತಿನ್ನು." ಫೈಲಿನಿಂದ ಕುಂಬಳಕ್ಕನ ಹಾಳೆ ತೆಗೆದು ಅವಳ ಕೈಗಿತ್ತರು. ಅಷ್ಟು ವರ್ಷ ಅದು ರಿಪೋರ್ಟುಗಳ ನಡುವೆಯೇ ಇತ್ತು.

ಬಂದವಳೇ ಹಿಂಡಿ ಕುಟ್ಟಿದೆ. ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಇಷ್ಟು ವರ್ಷ ಉಪ್ಪಿನದೊಂದು, ಚಪ್ಪೆಯದೊಂದು ಎಂದು ಎರಡು ಡಬ್ಬಿ ಮಾಡುತ್ತಿದ್ದವಳು ಒಂದೇ ಮಾಡಿದೆ. ಬಿಸಿ ಭಕ್ಕರಿಯ ಮೇಲೆ ಹಿಂಡಿ, ಎಣ್ಣೆ ಹಾಕಿ ಅವಳ ಮುಂದಿಟ್ಟು, ಮುಖ ನೋಡುತ್ತ ನಿಂತೆ. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಅವ್ವಾ, ಭಾಳ ಉಪ್ಪಾಗೇದ."

ಅವರಪ್ಪ ತಮ್ಮ ತಾಟಿನಿಂದ ಒಂದು ಚಿಟಿಕೆ ರುಚಿ ನೋಡಿ, "ಸರೀನ ಅದಲ್ಲ," ಅಂದರು. ಅವಳು ನೀರು ಕುಡಿದಳು, ಮತ್ತೆ ಕುಡಿದಳು, ನಗತೊಡಗಿದಳು.

ಹಿಂಡಿಗೆ ಉಪ್ಪು ಹೆಚ್ಚಾದರೆ ಇನ್ನೊಂದಿಷ್ಟು ಶೇಂಗಾ ಕೂಡಿಸಬೇಕು. ಒಲೆ ಹಚ್ಚಿ, ಬಾಣಲೆ ಇಟ್ಟು, ಎರಡು ಬೊಗಸೆ ಸುರಿದು, ಕೈಯಾಡಿಸುತ್ತ ನಿಂತೆ.